ಹೆಸರು ಕೇಳದ ಕ್ರಿಸಾಂತೊ

ಕ್ರಿಸಾಂತೊ ಸಾಹೇಬರು ಯಾರ ಮುಂದೆಯೂ ನಡೆಯುವವರಲ್ಲ. ಮನಾಮಾದ ಹಳೆಯ ಪೇಟೆಯಲ್ಲಿ ನಾಲ್ವರ ಜೊತೆ ಹೊರಟರೂ ಕಡೆಯವರಾಗಿಯೇ, ಬೂಟಿನ ಸದ್ದಿಲ್ಲದೆ, ಆಗಾಗ ಹಿಂತಿರುಗಿ ನೆಲವನ್ನು ನೋಡುತ್ತ ಬರುತ್ತಾರೆ. ಫಿಲಿಪೀನ್ಸಿನ ಗುಡ್ಡಗಾಡಿನಲ್ಲಿ ಸರಕಾರದ ವಿರುದ್ಧ ಬಂದೂಕು ಹಿಡಿದಿದ್ದ ಯೌವನದಲ್ಲಿ, ಸಾಲಿನ ಕೊನೆಗೆ ನಿಂತು ಸೊಪ್ಪಿನ ಗೆಲ್ಲಿನಿಂದ ಎಲ್ಲರ ಹೆಜ್ಜೆಗುರುತು ಅಳಿಸುತ್ತ ಬರುವುದು ಅವರ ಪಾಲಿನ ಕೆಲಸವಾಗಿತ್ತಂತೆ. ಈಗ ಅದೇ ಸರಕಾರದ ಅಧಿಕಾರಿ. ಬಹ್ರೈನಿನಲ್ಲಿ ದುಡಿಯುವ ತಮ್ಮ ದೇಶದವರ ಕಷ್ಟಸುಖ ವಿಚಾರಿಸುವ ಹುದ್ದೆ. ಆಗಸ್ಟಿನ ಬೆಂಕಿಯಲ್ಲೂ ಮೈಮೇಲೆ ಬೂದು ಕೋಟು, ಗುಂಡಿ ಬಿಚ್ಚುವ ಮಾತಿಲ್ಲ.

ಅಲ್ಲೇ ಟುಬ್ಲಿಯಲ್ಲಿರುವ ನನ್ನ ಗ್ಯಾರೇಜಿಗೆ ಅವರು ಬರುವುದು ಕಾರಿಗಿಂತ ಹೆಚ್ಚಾಗಿ ಮಾತಿಗೆ. ಕೆಲಸದವರ ಮೇಲೆ ನಾನು ಹಾರಾಡುವಾಗ, "ಪಾರೆ, ನಿನ್ನನ್ನು ಗುಡ್ಡಕ್ಕೆ ಕರೆದೊಯ್ದಿದ್ದರೆ ಮೊದಲ ದಿನವೇ ಎಲ್ಲರೂ ಸಿಕ್ಕಿಬೀಳುತ್ತಿದ್ದೆವು" ಎಂದು ನಗುತ್ತಾರೆ. ಪಾರೆ ಎಂದರೆ ಅವರಲ್ಲಿ ಗೆಳೆಯ.

ನಗು ಇಳಿದ ಮೇಲೆ ಬರುವ ಮಾತು ಒಂದೇ, ಅಮಿಹಾನ್. ಅದು ಅವರ ನಾಡಿನ ಚಳಿಗಾಲದ ಗಾಳಿಯ ಹೆಸರು. ಅಲ್ಲಿ ಅವರ ಕೈಹಿಡಿದ ಹೆಂಡತಿ, ಗುಡ್ಡ ಹತ್ತಿದಾಗ ಇಟ್ಟುಕೊಂಡದ್ದು. ಅಲ್ಲಿ ಎಲ್ಲರಿಗೂ ಹೊಸ ಹೆಸರು, ಹಳೆಯದನ್ನು ಕೇಳಕೂಡದು, ಕಟ್ಟಿಕೊಂಡ ಹೆಂಡತಿಯನ್ನೂ. ಒಂದು ಮುಂಜಾನೆ ಸೈನ್ಯ ಸುತ್ತುವರಿದಾಗ ಇಬ್ಬರೂ ದಿಕ್ಕಿಗೊಬ್ಬರಾದರು. ಸಿಕ್ಕಿಬಿದ್ದ ಇವರು ಸೆರೆಮನೆ ಕಂಡು, ಕ್ಷಮಾದಾನ ಪಡೆದು, ಊರಿನ ನಗರಸಭೆಯಲ್ಲಿ ಹುದ್ದೆ ಹಿಡಿದು, ಕಡೆಗೆ ಆಕೆ ಬಹ್ರೈನಿನಲ್ಲಿದ್ದಾಳೆಂಬ ಗಾಳಿಮಾತಿಗೆ ಈ ಹುದ್ದೆಯನ್ನು ಬೇಡಿ ಪಡೆದು ಬಂದರು.

"ಎಂತ ಸಾಹೇಬ್ರೇ, ನಿಮ್ಮವರ ಹೆಸರೆಲ್ಲ ನಿಮ್ಮ ಕಂಪ್ಯೂಟರಿನಲ್ಲೇ ಉಂಟಲ್ಲ, ಒಬ್ಬ ಹೆಂಗಸನ್ನು ಹುಡುಕ್ಲಿಕ್ಕೆ ಆಗುದಿಲ್ವಾ?" ಎಂದು ಒಮ್ಮೆ ರೇಗಿದೆ.

"ಯಾವ ಹೆಸರು ಒತ್ತಲಿ, ಪಾರೆ?"

"ಹೆಂಡತಿಯ ಹೆಸರು ಕೇಳದೆ ಸಂಸಾರ ಮಾಡಿದ್ರಾ ಮಾರಾಯ್ರೆ!"

"ಗೊತ್ತಿದ್ದಿದ್ದರೆ ಸೆರೆಮನೆಯಲ್ಲಿ ಬಿದ್ದ ಏಟಿಗೆ ಹೇಳಿಬಿಡುತ್ತಿದ್ದೆ."

ಅಂದಿನಿಂದ ಕಂಡಕಂಡವರನ್ನೆಲ್ಲ ಕೇಳುವ ಕೆಲಸ ನನ್ನದಾಯಿತು. ಕಳೆದ ರಂಜಾನಿನಲ್ಲಿ ಕಾರು ರಿಪೇರಿಗೆ ಬಂದ ನಮ್ಮ ಕಡೆಯ ಶಿರ್ವದ ನರ್ಸು ಪೌಲಿನ್ ಗಕ್ಕನೆ ನಿಂತಳು.

"ಅಮಿಹಾನಾ? ನಮ್ಮ ಫ್ಲ್ಯಾಟಿನಲ್ಲಿದ್ದ ಆಂಟಿ, ಅಣ್ಣ! ಗುಡ್ಡದಲ್ಲಿದ್ದಾಗ ಅದೇ ಹೆಸರಂತೆ. ಒಂದು ಸಲ ಸಾಹೇಬರ ಆಫೀಸಿನ ಬಾಗಿಲವರೆಗೆ ಹೋಗಿದ್ರು. ಸಾಹೇಬರ ಹಿಂದೆ ಸರಕಾರದ ಬಾವುಟ, ಕೈಯಲ್ಲಿ ಸೀಲು ಕಂಡು ಹಾಗೇ ವಾಪಸ್. ಅದು ನನ್ನವನಲ್ಲ ಅಂತ ಎಷ್ಟು ಅತ್ರು ಗೊತ್ತುಂಟಾ? ಈಗ ಎಲ್ಲಿದ್ದಾರೋ ಏನೋ."

"ನಿಜವಾದ ಹೆಸರು?"

ಹೇಳಿದಳು.

ಸಂಜೆ ಸಾಹೇಬರಿಗೆ ಎಲ್ಲವನ್ನೂ ಒಪ್ಪಿಸಿದೆ. ಹೆಸರು ನಾಲಿಗೆಯ ತುದಿಗೆ ಬಂದಾಗ ಅವರು ಅಂಗೈಯನ್ನು ನನ್ನ ಬಾಯಿಗೇ ಒತ್ತಿದರು.

"ಬೇಡ ಪಾರೆ. ನೀನು ಹೇಳಿದರೆ ನಾಳೆಯೇ ಹುಡುಕಿಬಿಡುತ್ತೇನೆ. ಸರಕಾರ ಅವಳನ್ನು ಕೊನೆಗೂ ಹಿಡಿದಂತಾಗುತ್ತದೆ. ಅವಳೇ ಬಂದು ಹೇಳಲಿ."

"ಬಾರದಿದ್ದರೆ?"

ಅವರು ಕೋಟಿನ ಗುಂಡಿ ಸರಿಪಡಿಸಿಕೊಂಡು ಹೊರಟರು. ಆ ಹೆಸರು ಇಂದಿಗೂ ನನ್ನ ಬಾಯೊಳಗೇ ಇದೆ.

ಸರಕಾರವನ್ನು ಕೆಡವಲು ಹೋಗಿ ಅದರ ಕುರ್ಚಿಯಲ್ಲೇ ಕುಳಿತವರನ್ನು, ತಮ್ಮನ್ನು ಮಾರಿಕೊಂಡವರೆಂದು ನಾನೂ ಬಾಯಿತುಂಬ ಬೈದವನೇ. ಆದರೆ ಇಂಥವರಲ್ಲಿಯೂ ಕೆಲವರು ಕೈಗೆ ಬಂದ ಅಧಿಕಾರವನ್ನೆಲ್ಲ ಪರರ ಕಣ್ಣೀರು ಒರೆಸಲು ಸವೆಸಿ, ತಮಗೆ ಎಲ್ಲಕ್ಕಿಂತ ಬೇಕಾದುದರ ಎದುರು ಮಾತ್ರ ಏನೂ ಇಲ್ಲದವರಂತೆ ಕಾದು ಕೂರುತ್ತಾರೆ.