ತುಟಿಯ ಮೇಲಿನ ಮಾಮಾ

ಸೋಮಲಿಂಗನಿಗೆ ನಗೆ ಕೇಳುತ್ತಿದ್ದುದು ಪಾದದಿಂದ. ಬೆಳಗಾವಿಯ ಟಿಳಕವಾಡಿಯ ಸಭಾಭವನದ ರಂಗಕ್ಕೆ ಹಳೆಯ ಹಲಗೆಗಳಿದ್ದವು. ಜನ ಕುರ್ಚಿ ಅಲುಗಾಡುವಂತೆ ನಕ್ಕರೆ ಆ ಹಲಗೆಗಳು ಸಣ್ಣಗೆ ನಡುಗುತ್ತಿದ್ದವು. ಅದಕ್ಕೇ ಅವನು ಚಪ್ಪಲಿ ಬಿಟ್ಟು ರಂಗ ಹತ್ತುತ್ತಿದ್ದ. ನೋಡಿದವರು ಎಂಥ ಭಕ್ತಿ ಇವನದು ಎನ್ನುತ್ತಿದ್ದರು. ಭಕ್ತಿಯೂ ಸುಳ್ಳಲ್ಲ. ಚಿಕ್ಕವನಿದ್ದಾಗ, ತಾಯಿ ಅಕ್ಕವ್ವ ನಸುಕಿನಲ್ಲಿ ದೇವರ ಮುಂದೆ ಪದ ಹೇಳುವಾಗ, ಅವಳ ಬೆನ್ನಿಗೆ ಕೆನ್ನೆ ಹಚ್ಚಿ ಕೂಡುತ್ತಿದ್ದ. ಪದದ ಅರ್ಥ ಬರದಿದ್ದರೂ ಪದದ ನಡಿಗೆ ಎಲುಬಿನಿಂದ ಎಲುಬಿಗೆ ದಾಟಿ ಬರುತ್ತಿತ್ತು.

ಹುಟ್ಟಿನಿಂದಲೇ ಕಿವುಡನಾದ ಅವನು ಜನರನ್ನು ನಗಿಸುವುದನ್ನೇ ಕಸುಬು ಮಾಡಿಕೊಂಡಿದ್ದ. ಅವನು ಕೈಯಲ್ಲಿ ಹೇಳುತ್ತಿದ್ದ, ಬಾಜುಕ್ಕೆ ಮೈಕ್ ಹಿಡಿದ ತಂಗಿ ನೀಲಾ ಅದಕ್ಕೆ ದನಿ ಕೊಡುತ್ತಿದ್ದಳು.

“ನಮ್ಮವ್ವ ಹರಕಿ ಹೊತ್ಳು, ಮಗಗ ಕಿವಿ ಕೊಡಪಾ ಅಂತ. ದೇವರು ಕೊಟ್ಟ, ಎರಡು. ಕೇಳೂದು ಬ್ಯಾರೆ ಹರಕಿ ಅಂತ. ಅದಕ್ಕ ಬ್ಯಾರೆ ಕಾಯಿ ಒಡೀಬೇಕಂತ.”

ಅವನ ಕೈ ಮುಗಿದ ಮೇಲೆ ತಂಗಿಯ ಮಾತು ಮುಗಿಯಬೇಕು, ಆಮೇಲೆ ನಗೆ ಬರಬೇಕು. ಅಲ್ಲಿಯವರೆಗೆ ಕೈ ಇಳಿಬಿಟ್ಟು ನಿಲ್ಲಬೇಕು. ಹೀಗೆ ಕಾದು ಕಾದೇ ಅವನು ದಣಿದಿದ್ದ. ಸಂಘಟಕರು ಮೊದಲು ಶಾಲು ಹೊದಿಸಿ, ಅವನ ಕಿವಿಯ ವಿಷಯ ಹೇಳಿ, ಅವನು ಕೈ ಎತ್ತುವ ಮೊದಲೇ ಚಪ್ಪಾಳೆ ಹೊಡೆಸುತ್ತಿದ್ದರು. ನಗಿಸಲು ಬಂದವನಿಗೆ ಆ ಚಪ್ಪಾಳೆ ಹೊರೆಯಂತಿತ್ತು. ಬಿಟ್ಟುಬಿಡೋಣ ಎಂದು ಎಷ್ಟೋ ಸಲ ಅಂದುಕೊಂಡಿದ್ದ.

ಬಿಡದಂತೆ ಹಿಡಿದದ್ದು ಒಂದೇ ಮಾತು. ಹರಕೆಯ ಮಾತು ಬಂದಾಗಲೆಲ್ಲ ಮುಂದಿನ ಸಾಲಿನ ಹೆಂಗಸರ ತುಟಿ ಎರಡು ಸಲ ಮುಚ್ಚಿ ಎರಡು ಸಲ ತೆರೆಯುತ್ತಿತ್ತು. ಮಾಮಾ. ಊರು ತನ್ನನ್ನು ಸೋದರಮಾವನಂತೆ ಕರೆಯುತ್ತಿದೆ ಎಂದು ಅವನು ಹಿಗ್ಗಿದ್ದ. ಪೋಸ್ಟರಿನಲ್ಲೂ ಅದೇ ಹೆಸರು ಹಾಕಿಸಿದ್ದ: ಸೋಮಾ ಮಾಮಾ. ತುಟಿ ಓದುವವನಿಗೆ ಮ, ಪ, ಬ ಮೂರೂ ಒಂದೇ ಎಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಇದ್ದುದರಲ್ಲಿ ಸಿಹಿಯಾದುದನ್ನು ಆರಿಸಿಕೊಂಡಿದ್ದ, ಅಷ್ಟೇ.

ಆ ದಿನ ಮಧ್ಯಾಹ್ನ ಖಾನಾಪುರದಲ್ಲಿ ಮಹಿಳಾ ಸಂಘದ ವಾರ್ಷಿಕೋತ್ಸವ. ರಂಗ ಸಿಮೆಂಟಿನದು, ಪಾದಕ್ಕೆ ಏನೂ ಹತ್ತಲಿಲ್ಲ. ಹೀಗಾಗಿ ಮುಖಗಳನ್ನು ನೋಡುತ್ತ ನಿಂತ. ಅಲ್ಲಿ ಹೆಚ್ಚಿನವರ ಮನೆಮಾತು ಮರಾಠಿ. ನೀಲಾ ಎರಡೂ ಭಾಷೆಯಲ್ಲಿ ಹೇಳುತ್ತಿದ್ದಳು. ಹರಕೆಯ ಮಾತಿಗೆ ಬಂದಾಗ, ಮೊದಲು ಅವನಿಗೆ ಶಾಲು ಹೊದಿಸಿದ್ದ ಸಂಘದ ಹಿರಿಯಳು ಗಂಗೂಬಾಯಿ ಪಕ್ಕದವಳ ಕಡೆ ತಿರುಗಿದಳು. ತುಟಿ ಒಮ್ಮೆ ಮುಚ್ಚಿ, ಹಲ್ಲು ಕಾಣಿಸಿ, ಅಗಲವಾಗಿ ತೆರೆಯಿತು. ಬಿಚಾರಾ.

ಮರಾಠಿ ಗೆಳೆಯರೊಡನೆ ಬೆಳೆದವನಿಗೆ ಆ ಕನಿಕರದ ಮಾತಿನ ಗುರುತು ಚೆನ್ನಾಗಿತ್ತು. ಓರೆಯಾದ ಆ ತಲೆ, ಮೇಲೇರಿದ ಆ ಹುಬ್ಬು ಟಿಳಕವಾಡಿಯ ಹೆಂಗಸರವೇ. ಮಾತು ಮಾತ್ರ ಬೇರೆ.

ನಡುವೆ ಚಹಾಕ್ಕೆ ಬಿಟ್ಟಾಗ ತಂಗಿಯನ್ನು ಪಕ್ಕಕ್ಕೆ ಕರೆದು ಕೈಯಲ್ಲಿ ಕೇಳಿದ. “ಟಿಳಕವಾಡಿಯೊಳಗ ಮಂದಿ ನನಗ ಏನಂತಾರ?”

ನೀಲಾ ಕಪ್ಪು ಕೆಳಗಿಟ್ಟು ಕೈ ಖಾಲಿ ಮಾಡಿಕೊಂಡಳು. “ಮಾಮಾ ಅಂತಾರಂತ ನೀನ ಹೇಳಿದಿ ಅಣ್ಣಾ. ಎಷ್ಟು ಖುಷೀಲೆ ಹೇಳಿದಿ. ಅಲ್ಲ ಅಂತ ನಾ ಹ್ಯಾಂಗ ಅನ್ಲಿ?”

“ಮತ್ತೇನಂತಾರ?”

ಅವಳ ತುಟಿ ಎರಡು ಸಲ ಮುಚ್ಚಿ ಎರಡು ಸಲ ತೆರೆಯಿತು. ಅವನಿಗೆ ತಿಳಿಯಲಿಲ್ಲ. ಕಡೆಗೆ ಅವನ ಅಂಗೈ ಹಿಡಿದು ಬೆರಳಿನಿಂದ ಬರೆದಳು: ಪಾಪ.

ಸೋಮಲಿಂಗ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. “ಮನಿಗೆ ಹೋಗೂಣು.”

“ಹೋಗೂಣಂದ್ರ ಹೋಗೂಣು. ನನಗೂ ಗಂಟಲಾ ಬಿದ್ದೈತಿ.”

ಚಪ್ಪಲಿ ಮೆಟ್ಟಿಕೊಳ್ಳಲು ಬಾಗಿದ. ಬಾಗಿದಲ್ಲೇ ಒಂದು ಮಾತು ಕೈಗೆ ಬಂತು. ಹಾಗೆ ಬಂದ ಮಾತನ್ನು ನುಂಗಿ ಅವನಿಗೆ ಅಭ್ಯಾಸವಿರಲಿಲ್ಲ. ಚಪ್ಪಲಿಯನ್ನು ಅಲ್ಲೇ ಬಿಟ್ಟು ಮತ್ತೆ ರಂಗ ಹತ್ತಿದ. ನೀಲಾ ಮೈಕ್ ಎತ್ತಿಕೊಂಡು ಹಿಂದೆ ಓಡಿದಳು.

“ಬೆಳಗಾವಿಯೊಳಗ ನನ್ನ ಹೆಸರು ಸೋಮಾ ಮಾಮಾ. ಗ್ವಾಡಿ ಮ್ಯಾಲೆಲ್ಲಾ ಪೋಸ್ಟರ್. ಯಾಕಂದ್ರ ಮಂದಿ ಪಾಪ ಅಂದ್ರು, ನಾ ಮಾಮಾ ಅಂತ ತಿಳಕೊಂಡೆ. ಒಬ್ಬರ ತುಟಿ ಒಬ್ಬರು ನೋಡಕೋತ ಅಂದು ನೋಡ್ರಿ, ಮಾಮಾ, ಪಾಪ, ಎರಡೂ ಒಂದ. ಅವರು ಮರಮರ ಮರಗತಿದ್ರು. ನಾ ಎಲ್ಲಾ ನಮ್ಮ ಅಳಿಯಂದಿರಂತ ಕೈ ಬೀಸತಿದ್ದೆ. ಅದಕ್ಕ ನೋಡ್ರಿ, ಖಾನಾಪುರದವರು ನನಗ ಭಾಳ ಸೇರ್ತೀರಿ. ನಿಮ್ಮ ಬಿಚಾರಾ ಅನ್ನೂದು ಕಿವುಡಗೂ ಸ್ವಚ್ಛ ಕೇಳತೈತಿ.”

ನೀಲಾಳ ದನಿ ನಿಂತಿತು. ಅವನು ಕೈ ಇಳಿಬಿಟ್ಟು ಕಾದ. ಗಂಗೂಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸಿಟ್ಟೋ ನಾಚಿಕೆಯೋ ತಿಳಿಯದು. ಆಮೇಲೆ ಅವಳ ಭುಜ ಕುಣಿಯಿತು. ಹಿಂದಿನ ಸಾಲಿನವರ ಭುಜಗಳು ಕುಣಿದವು. ಸಿಮೆಂಟು ಮಾತ್ರ ತಣ್ಣಗಿತ್ತು.

ಮುಗಿದ ಮೇಲೆ ಗಂಗೂಬಾಯಿ ಬಂದು ಅವನ ಮಣಿಕಟ್ಟು ಹಿಡಿದು ಏನೇನೋ ಹೇಳಿದಳು. ನೀಲಾ ನಗುತ್ತ ಕೈಗಿಳಿಸಿದಳು. “ಅವರ ಯಜಮಾನರ ಎರಡೂ ಕಿವಿ ಚಲೋ ಅದಾವಂತ. ಲಗ್ನ ಆದಾಗಿಂದ ಇವರ ಒಂದ ಮಾತೂ ಕೇಳಿಲ್ಲಂತ. ಖರೇ ಬಿಚಾರಿ ನಾನ, ಇಂವಲ್ಲ ಅಂತಾರ.”

ಸೋಮಲಿಂಗ ಗಂಗೂಬಾಯಿಯ ಹುಬ್ಬು ನೋಡಿದ. ಅದು ಮೇಲೇರಿರಲಿಲ್ಲ. “ಆ ಮಾತು ಮುಂದಿನ ಕಾರ್ಯಕ್ರಮಕ್ಕ ನನಗ ಕೊಡ್ತಾರೇನು ಕೇಳು,” ಎಂದ.

ಕೊಟ್ಟಳು.

ಬೆಳಗಾವಿಯ ಬಸ್ಸಿನಲ್ಲಿ ನೀಲಾ ಕೇಳಿದಳು. “ಪೋಸ್ಟರಿನ ಮ್ಯಾಲೆ ಇನ್ನ ಯಾವ ಹೆಸರು ಹಾಕಸೂಣು?”

ಅವನು ಕೈ ಎತ್ತಿದ. “ಮಾಮಾನ ಇರಲಿ. ಓದಾವರು ಬಾಯಿಲೆ ಏನರ ಅನ್ಲಿ.”

ಆಮೇಲೆ ಕಿಟಕಿಯ ಗಾಜಿಗೆ ಕೆನ್ನೆ ಹಚ್ಚಿದ. ಎಂಜಿನ್ನಿನ ನಡುಕ ಎಲುಬಿನಿಂದ ಎಲುಬಿಗೆ ಬಂತು. ಅದಕ್ಕೆ ತಾಳವಿರಲಿಲ್ಲ. ಆದರೂ ಊರು ಬರುವ ತನಕ ಹಾಗೇ ಕೂತಿದ್ದ.