ಯಶೋದೆಯನ್ನು ಬಲ್ಲ ಇಬ್ಬರು

ಇಬ್ಬರು ಬೇಕಂತೆ! ಇಡೀ ಬರೋಡಾದಲ್ಲಿ ನನ್ನನ್ನು ಖುದ್ದಾಗಿ ಬಲ್ಲವರು ಇಬ್ಬರು.

"ಇದೆಂತ ಹೆಣ್ಣು ಕೇಳುವ ಶಾಸ್ತ್ರವಾ, ಊರು ಕೇರಿ ವಿಚಾರಿಸುವುದಕ್ಕೆ?" ಅಂದೆ. ನನಗೆ ಬರುವುದು ತರಕಾರಿ ಚೌಕಾಸಿಯ ಗುಜರಾತಿ, ಅದರಲ್ಲೇ ಜಗಳಕ್ಕೆ ನಿಂತೆ.

ರಾವ್‌ಪುರಾದ ಪ್ರೆಸ್ಸಿನ ರತಿಲಾಲ್‌ಭಾಯಿ ಕನ್ನಡಕವನ್ನು ಹಣೆಗೇರಿಸಿದ. "ಕಾನೂನು, ಬೆನ್. ಚುನಾವಣೆಯ ಕರಪತ್ರದಲ್ಲಿ ನನ್ನ ಹೆಸರು, ಅಚ್ಚು ಹಾಕಿಸಿದವರ ಹೆಸರು, ವಿಳಾಸ ಎಲ್ಲ ಇರಬೇಕು. ಹಾಕಿಸುವವರು ಈ ಫಾರಮಿಗೆ ಸಹಿ ಮಾಡಬೇಕು. ಅವರನ್ನು ಖುದ್ದಾಗಿ ಬಲ್ಲ ಇಬ್ಬರು ಕೆಳಗೆ ಸಹಿ ಹಾಕಬೇಕು. ಇಲ್ಲದಿದ್ದರೆ ನಾನು ಆರು ತಿಂಗಳು ಜೈಲಿನಲ್ಲಿ ರೊಟ್ಟಿ ತಿನ್ನಬೇಕಾದೀತು."

ಖಾಲಿ ಫಾರಮನ್ನು ಚೀಲಕ್ಕೆ ತುರುಕಿಕೊಂಡು ಹೊರಟೆ. ಇಪ್ಪತ್ತೆರಡು ವರ್ಷ ಈ ಊರಿನಲ್ಲಿ ಬಾಳಿದ್ದೇನೆ, ಇಬ್ಬರು ಸಿಗುವುದಿಲ್ಲವಾ ಅಂದುಕೊಂಡೆ.

ಅರುವತ್ತೇಳರ ಚುನಾವಣೆಗೆ ಡಾಕ್ಟರ್ ಮಂಜುಳಾಬೆನ್ ಯಾವ ಪಕ್ಷವೂ ಇಲ್ಲದೆ ನಿಂತಿದ್ದರು. "ದುಡ್ಡಿಲ್ಲದವರ ನಾಡಿಯನ್ನು ಈ ಡಾಕ್ಟರಮ್ಮ ಮುಟ್ಟುವುದಿಲ್ಲ" ಎಂದು ಎದುರಿನವರು ಬೀದಿಬೀದಿಯಲ್ಲಿ ಕೂಗಿಸುತ್ತಿದ್ದರು. ಅವರ ನಾಲಿಗೆಗೆ ಹುಳ ಬೀಳ! ಎರಡು ವರ್ಷದ ಹಿಂದೆ ದೊಡ್ಡಾಸ್ಪತ್ರೆಯಲ್ಲಿ ನಮ್ಮವರು ತೀರಿಕೊಂಡ ಮಧ್ಯಾಹ್ನ ಅವರ ಕೈ ಹಿಡಿದು ಕೂತಿದ್ದದ್ದು ಇದೇ ಡಾಕ್ಟರಮ್ಮ. ಧರ್ಮದ ವಾರ್ಡು, ಒಂದು ಕಾಸು ಕೊಟ್ಟಿರಲಿಲ್ಲ ನಾವು. ನಾನು ಗಂಜಿ ತರಲು ಮನೆಗೆ ಹೋಗಿದ್ದೆ. ತೂಕುಪಾತ್ರೆ ಹಿಡಿದು ಬಂದಾಗ ಮುಖಕ್ಕೆ ಬಟ್ಟೆ ಎಳೆದಾಗಿತ್ತು. "ಎರಡು ಗಂಟೆ ಕೂತಿದ್ದರು ಡಾಕ್ಟರ್, ಊಟಕ್ಕೂ ಏಳಲಿಲ್ಲ" ಎಂದು ಪಕ್ಕದ ಹಾಸಿಗೆಯವನು ಹೇಳಿದ. ಅಷ್ಟನ್ನೇ ಐನೂರು ಹಾಳೆಯಲ್ಲಿ ಅಚ್ಚು ಹಾಕಿಸಿ ಹಂಚಬೇಕು, ಆ ಋಣ ನನ್ನ ತಲೆಯ ಮೇಲೆ ಉಳಿಯಬಾರದು ಎಂದು ನನ್ನ ಹಟ.

ಮೊದಲು ಗಣಪತಿಯ ಹತ್ತಿರ ಹೋದೆ. ಸ್ಟೇಷನ್ ಹತ್ತಿರದ ನಮ್ಮ ಹೋಟೆಲನ್ನು ಈಗ ನಡೆಸುವವನು ಅವನೇ, ಬ್ರಹ್ಮಾವರದ ಕಡೆಯವನು. ಅದೇ ಅಡುಗೆಮನೆಯಲ್ಲಿ ನಾನು ಈಗ ಸಂಬಳಕ್ಕೆ ಅರೆಯುತ್ತೇನೆ.

"ಸಹಿಯಾ ಅಕ್ಕ?" ಅವನ ಮುಖ ಹುಳಿ ತಿಂದ ಹಾಗಾಯಿತು. "ನಾಳೆ ಆಚೆ ಪಕ್ಷದವರು ಗೆದ್ದರೆ ನನ್ನ ಲೈಸೆನ್ಸಿನ ಗತಿ ಎಂತ? ಒಂದು ಕೆಲಸ ಮಾಡಿ. ಮೊದಲು ಬೇರೆ ಯಾರದ್ದಾದರೂ ಸಹಿ ತನ್ನಿ, ಎರಡನೆಯದು ನಾನು ಹಾಕುತ್ತೇನೆ. ಮೊದಲನೆಯವ ಮಾತ್ರ ಆಗಲಾರೆ ಮಾರಾಯ್ತಿ."

"ಹೆದರುಪುಕ್ಕಲ! ಹುಲಿಗೆ ಎರಡನೆಯವನಾಗಿ ಸಿಕ್ಕಿದರೆ ಅದು ತಿನ್ನುವುದಿಲ್ಲವಾ?" ಎಂದು ಬೈದು ಬಂದೆ.

ರೈಲ್ವೆಯಲ್ಲಿ ಗುಮಾಸ್ತರಾದ ಧಾರವಾಡದ ಬಸವರಾಜ, ಸರ್ಕಾರಿ ನೌಕರ ಚುನಾವಣೆಯ ಕಾಗದ ಮುಟ್ಟುವ ಹಾಗಿಲ್ಲ ಎಂದು ಕೈ ಮುಗಿದರು. ನಮ್ಮ ಓಣಿಯವರನ್ನು ಕೇಳಿದೆ. "ಮದ್ರಾಸಿ ಬೆನ್, ನಿಮ್ಮ ಹೆಸರೇ ಗೊತ್ತಿಲ್ಲವಲ್ಲ" ಅಂದರು. ಮದರಾಸನ್ನು ನಾನು ಕಣ್ಣಿನಿಂದ ನೋಡಿದವಳಲ್ಲ! ಅರ್ಧ ಊರು ನನ್ನ ಕೈಯ ಸಾಂಬಾರು ಉಂಡಿದೆ, ಆದರೆ ಗಲ್ಲಾದ ಮೇಲೆ ಕೂರುತ್ತಿದ್ದದ್ದು ನಮ್ಮವರು. ಜನಕ್ಕೆ ಗೊತ್ತಿದ್ದದ್ದು ಅವರು. ನಾನು ಗೋಡೆಯ ಆಚೆ ಒಲೆಯ ಮುಂದೆ ಇದ್ದೆ. ಅವತ್ತು ಮನೆಗೆ ಬಂದು ಚೀಲ ಮೂಲೆಗೆ ಎಸೆದು ಗೊಳೋ ಎಂದು ಅತ್ತೆ. ನಾನು ಸತ್ತರೆ ಇಂಥವಳು ಸತ್ತಳು ಎಂದು ಹೇಳಲೂ ಇಲ್ಲಿ ಜನ ಇಲ್ಲ.

ಆಮೇಲೆ ಹೊಳೆಯಿತು: ಡಾಕ್ಟರಮ್ಮನೇ ಇದ್ದಾರಲ್ಲ, ಅವರಿಗಿಂತ ಹತ್ತಿರದವರು ನನಗೆ ಇನ್ಯಾರು?

ಮಾರನೆಯ ಬೆಳಿಗ್ಗೆ ಅವರ ಕಚೇರಿಗೆ ಹೋದೆ. ಅವರು ನನ್ನ ಮುಖ ನೋಡಿದರು. "ನೀವು ಯಾರು, ಬೆನ್?"

ಹೌದಲ್ಲ, ಇವರು ನನ್ನನ್ನು ನೋಡಿದ್ದು ಯಾವಾಗ? ಎರಡು ವರ್ಷದಿಂದ ಮನಸ್ಸಿನಲ್ಲೇ ಅವರ ಜೊತೆ ಮಾತಾಡಿ ಮಾತಾಡಿ ಪರಿಚಯ ಉಂಟೆಂದೇ ತಿಳಿದಿದ್ದೆ, ಪೆದ್ದಿ.

"ಸ್ಟೇಷನ್ ಹತ್ತಿರ ಹೋಟೆಲಿನವರು... ಅವರ ಹೆಂಡತಿ ನಾನು" ಎಂದು ತೊದಲಿ ಕರಪತ್ರದ ವಿಷಯ ಹೇಳಿದೆ.

"ಅದರ ಖರ್ಚು ನನ್ನ ಚುನಾವಣೆಯ ಲೆಕ್ಕಕ್ಕೆ ಸೇರಬೇಕು. ಅದಕ್ಕೆ ಒಪ್ಪಿಗೆಯ ಚೀಟಿ ಬರೆದುಕೊಡುತ್ತೇನೆ" ಅಂದರು. "ಆದರೆ ಖುದ್ದಾಗಿ ಬಲ್ಲೆ ಎಂದು ಸುಳ್ಳು ಸಹಿ ಹೇಗೆ ಹಾಕಲಿ? ನಿಮ್ಮ ಗಂಡನ ಹೆಸರು ಹೇಳಿ, ನೆನಪಾದೀತು."

ಗಂಡನ ಹೆಸರು! ಹೇಳಿದರೆ ಆಯುಸ್ಸು ಕಡಿಮೆಯಾಗುತ್ತದೆ ಎಂದು ಅಜ್ಜಿ ಬಾಯಿಗೆ ಬೀಗ ಹಾಕಿದ್ದಳು. ಕಳೆಯಲು ಆಯುಸ್ಸೇ ಉಳಿಯದಿದ್ದರೂ ನಾಲಿಗೆ ಹೊರಳಲಿಲ್ಲ. ಅವರೂ ಅಷ್ಟೆ, ಇಪ್ಪತ್ತು ವರ್ಷದ ಸಂಸಾರದಲ್ಲಿ ನನ್ನನ್ನು "ಕೇಳಿತಾ", "ಎಲ್ಲಿದ್ದೀ" ಎಂದು ಕೂಗಿದರೇ ಹೊರತು ಒಂದು ದಿನ ಹೆಸರು ಹಿಡಿದು ಕರೆದವರಲ್ಲ.

"ಕೃಷ್ಣನ ತಂದೆಯ ಹೆಸರು" ಅಂದೆ.

"ನಂದನಾ? ನಂದಲಾಲ್ ಎಂದು ಯಾರೂ ನೆನಪಿಲ್ಲ, ಬೆನ್."

"ಅಲ್ಲ, ಇನ್ನೊಬ್ಬ ತಂದೆ..." ಅನ್ನುವಷ್ಟರಲ್ಲಿ ಸಭೆಗೆ ಹೊತ್ತಾಯಿತು ಎಂದು ಜೀಪಿನವರು ಅವರನ್ನು ಕರೆದೊಯ್ದರು.

ಮನೆಗೆ ಬಂದು ಕದ ಹಾಕಿಕೊಂಡೆ. ಒಲೆಯ ಮುಂದೆ ಕೂತು ಮೊದಲು ತುಟಿಯಲ್ಲೇ ಅಂದೆ. ಆಮೇಲೆ ಪಿಸುದನಿಯಲ್ಲಿ. ಆಮೇಲೆ ಗಟ್ಟಿಯಾಗಿ, "ವಸುದೇವ!" ಗೋಡೆಯ ಮೇಲಿನ ಪಾತ್ರೆಗಳು ಸುಮ್ಮನೆ ನೇತಾಡುತ್ತಿದ್ದವು. ಯಾರೂ ಓ ಅನ್ನಲಿಲ್ಲ.

ಮರುದಿನ ಡಾಕ್ಟರಮ್ಮನ ಕಚೇರಿಯಲ್ಲಿ ಜಾತ್ರೆಯ ಹಾಗೆ ಜನ. ನೂಕಿಕೊಂಡು ಒಳಗೆ ಹೋಗಿ, ಅಷ್ಟೂ ಗಂಡಸರ ಎದುರಿಗೆ ಕೂಗಿಯೇಬಿಟ್ಟೆ. "ವಸುದೇವ! ನನ್ನ ಗಂಡನ ಹೆಸರು ವಸುದೇವ!"

ಡಾಕ್ಟರಮ್ಮ ಚಹಾದ ಲೋಟ ಕೆಳಗಿಟ್ಟರು. ನನ್ನನ್ನೇ ನೋಡುತ್ತಾ ಎದ್ದು ಬಂದರು.

"ಕಿಟಕಿಯ ಪಕ್ಕದ ಹಾಸಿಗೆ" ಅಂದರು. "ನೀವು... ಯಶೋದಾ ಅಲ್ಲವೇ?"

ನಾನು ಹೆಸರು ಹೇಳಿಯೇ ಇರಲಿಲ್ಲ. ಫಾರಂ ಚೀಲದೊಳಗೆ ಖಾಲಿಯೇ ಇತ್ತು.

"ಕೊನೆಯ ಎರಡು ಗಂಟೆ ಆ ಹೆಸರನ್ನೇ ಕರೆಯುತ್ತಿದ್ದರು, ಬೆನ್. ಯಶೋದಾ, ಯಶೋದಾ ಎಂದು. ದೇವರನ್ನು ನೆನೆಯುತ್ತಿದ್ದಾರೆ ಅಂದುಕೊಂಡೆ ಮೊದಲು. ಒಂದೊಂದು ಸಲ ಕರೆದಾಗಲೂ ಬಾಗಿಲ ಕಡೆ ನೋಡುತ್ತಿದ್ದರು. ಅದಕ್ಕೇ ನನಗೆ ಎದ್ದು ಹೋಗಲು ಮನಸ್ಸಾಗಲಿಲ್ಲ."

ಅವರು ಫಾರಂ ಕೇಳಿ ಪಡೆದು, ಖುದ್ದಾಗಿ ಬಲ್ಲೆ ಎಂಬುದರ ಕೆಳಗೆ ಸಹಿ ಹಾಕಿದರು. ಗಣಪತಿ ಕೊಟ್ಟ ಮಾತಿನಂತೆ ಎರಡನೆಯದು ಹಾಕಿದ. ಸಂಜೆಯ ಹೊತ್ತಿಗೆ ಪ್ರೆಸ್ಸಿನಲ್ಲಿ ರತಿಲಾಲ್‌ಭಾಯಿ ಅಕ್ಷರ ಜೋಡಿಸತೊಡಗಿದ. ಮೇಲೆ ವಸುದೇವ ಎಂದು, ಅಡಿಯಲ್ಲಿ ಯಶೋದಾ ಎಂದು.

ಒಬ್ಬಳೇ ಮನೆಗೆ ಬಂದೆ. ಬೀಗ ತೆಗೆದು ಹೊಸಿಲು ದಾಟಿ ನಿಂತೆ.

"ಓ" ಅಂದೆ. "ಬಂದೆ, ಇಲ್ಲೇ ಇದ್ದೇನೆ."