ಮಿಷನ್ ಉಳಿಸಿಕೊಂಡ ಒಂಬತ್ತು ಸಾಲು

ಕಾರ್ಖಾನೆಯ ಜೊತೆಗಾರ ಕಾಟಪ್ಪನನ್ನು ಮಣ್ಣು ಮಾಡಿದ ಮರುದಿನ, ಶುಕ್ರವಾರ ಬೆಳಿಗ್ಗೆ, ಕಾಂತರಾಜ್ ಎಂದಿನಂತೆ ದಾವಣಗೆರೆಯಿಂದ ಬಸ್ಸು ಹಿಡಿದು ಹರಿಹರಕ್ಕೆ ಹೋದ. ಹೆಂಡತಿ ಚೈತ್ರಾ ಕಟ್ಟಿಕೊಟ್ಟಿದ್ದ ಬುತ್ತಿಯನ್ನು ವಿದ್ಯಾನಗರದ ಮನೆಯಲ್ಲೇ ಬಿಟ್ಟು ಬಂದದ್ದು ಅವನ ಲಕ್ಷ್ಯಕ್ಕೆ ಬಂದಾಗ ಬಸ್ಸು ಅರ್ಧ ದಾರಿ ದಾಟಿತ್ತು.

ಊರ ಹೊರಗಿನ ಆ ಕಾರ್ಖಾನೆಯಲ್ಲಿ ನೂಲಿಗೆ ಬಣ್ಣ ಹಾಕುತ್ತಿದ್ದರು. ಕಾಂತರಾಜ್ ಅಲ್ಲಿ ಒಂಬತ್ತು ವರ್ಷದಿಂದ ಎಲೆಕ್ಟ್ರಿಷಿಯನ್. ಎರಡು ವರ್ಷದ ಹಿಂದೆ, ತೊಂಬತ್ತಾರರಲ್ಲಿ, ಆಳೆತ್ತರದ ಹೊಸ ಬಣ್ಣದ ಹಂಡೆ ಬಂದಾಗ ಅದರ ಜೊತೆ ಒಂದು ಟಚ್ ಸ್ಕ್ರೀನೂ ಬಂದಿತ್ತು. ಕೆಲಸದವರು ಅದನ್ನು ‘ಟೀವಿ’ ಅನ್ನುತ್ತಿದ್ದರು. ಯಾವ ಬಣ್ಣಕ್ಕೆ ಎಷ್ಟು ಕಾವು, ಎಷ್ಟು ಹೊತ್ತು ಎಂಬುದೆಲ್ಲ ಅದರ ಹೊಟ್ಟೆಯೊಳಗೇ ಇರುತ್ತಿತ್ತು. ಯಾವ ಗಳಿಗೆಯಲ್ಲಿ ಏನು ಕೆಟ್ಟಿತು, ಯಾರು ಯಾವ ಗುಂಡಿ ಒತ್ತಿದರು ಎಂಬುದನ್ನೂ ಅದು ತಾರೀಖು, ಗಂಟೆ ಸಮೇತ ಬರೆದಿಟ್ಟುಕೊಳ್ಳುತ್ತಿತ್ತು.

ಇಂಗ್ಲಿಷ್ ಓದಲು ಬಾರದ ಕಾಟಪ್ಪನಿಗೆ ಆ ಹಂಡೆಯ ಕೆಲಸ ಕಲಿಸಿದವನು ಕಾಂತರಾಜನೇ. “ಈ ಮೂಲೆಯಾಗೆ ಹಸಿರು ಬಂದ್ರೆ ಮುಚ್ಚಳ ತೆಗಿ. ಹಸಿರು ಬರೋ ತನಕ ಮುಟ್ಟಬ್ಯಾಡ,” ಎಂದು ಹೇಳಿಕೊಟ್ಟಿದ್ದ. ಒಳಗಿನ ನೀರು ಆರಿ, ಒತ್ತಡ ಇಳಿಯುವ ತನಕ ಹಸಿರು ಬರುತ್ತಿರಲಿಲ್ಲ. ಮುಚ್ಚಳದ ಲಾಕೂ ಬಿಡುತ್ತಿರಲಿಲ್ಲ.

ಮೂರು ವಾರದ ಹಿಂದೆ ಒತ್ತಡ ಅಳೆಯುವ ಸೆನ್ಸರು ಕೆಟ್ಟಿತು. ಹಂಡೆ ತಣ್ಣಗಾದರೂ ಲಾಕ್ ಬಿಡದಾಯಿತು, ಕೆಲಸ ನಿಂತಿತು. “ಎರಡು ದಿನದ ಮಟ್ಟಿಗೆ ಲಾಕ್ ತಪ್ಪಿಸಿಬಿಡ್ರಿ, ಹೊಸ ಸೆನ್ಸರ್ ಬರ್ತೈತೆ,” ಎಂದರು ಮ್ಯಾನೇಜರ್ ಬಸವಪ್ರಭು. ಕಾಂತರಾಜ್ ಎರಡನೇ ನಂಬರಿನ ತನ್ನ ಪಾಸ್‌ವರ್ಡ್ ಹಾಕಿ, ಸ್ಕ್ರೀನಿನ ಮೇಲೆ ಬೆರಳಿಟ್ಟು ಲಾಕ್ ತಪ್ಪಿಸಿದ. ಅಂದಿನಿಂದ ಹೊತ್ತು ಮುಗಿದರೆ ಸಾಕು, ಒಳಗೆ ಹೇಗೇ ಇರಲಿ, ಹಸಿರು ಬರುತ್ತಿತ್ತು. ಎರಡು ದಿನ ಹೋಗಿ ಮೂರು ವಾರವಾಯಿತು. ಸೆನ್ಸರು ಬರಲಿಲ್ಲ. ಕಾಟಪ್ಪನಿಗೆ ಈ ವಿಷಯ ಯಾರೂ ಹೇಳಲಿಲ್ಲ.

ಮಂಗಳವಾರ ಸಂಜೆ ತಣ್ಣೀರಿನ ಪಂಪು ನಡುವೆಯೇ ನಿಂತುಹೋಯಿತು. ಹೊತ್ತು ಮುಗಿಯಿತು, ಹಸಿರು ಬಂತು, ಕಾಟಪ್ಪ ಮುಚ್ಚಳ ತೆಗೆದ. ನೂರಾ ಹನ್ನೆರಡು ಡಿಗ್ರಿಯ ಬಣ್ಣದ ನೀರು ಅವನ ಎದೆಗೆ, ಮುಖಕ್ಕೆ ಚಿಮ್ಮಿತು. ಬುಧವಾರ ಮಧ್ಯಾಹ್ನ ದಾವಣಗೆರೆಯ ಆಸ್ಪತ್ರೆಯಲ್ಲಿ ಜೀವ ಹೋಯಿತು.

“ಆತುರಗಾರ. ಆರೋಕೂ ಬಿಡದೆ ತೆಗೆದುಬಿಟ್ಟ,” ಎಂದು ಆಫೀಸಿನವರು ಹೇಳಿದ್ದು ಮಣ್ಣಿನ ದಿನವೇ ಕಾಟಪ್ಪನ ಹೆಂಡತಿ ದುರುಗವ್ವನ ಕಿವಿಗೂ ಬಿದ್ದಿತ್ತು. ಆಕೆ ಕಾಂತರಾಜನ ಹತ್ತಿರ ಬಂದು ಒಂದೇ ಮಾತು ಕೇಳಿದ್ದಳು: “ಅಣ್ಣಾರ, ನೀವೇ ಕಲ್ಸಿದವರು. ನಮ್ಮನಿಯವ್ರು ಆತುರ ಮಾಡೋರೇನ್ರಿ?”

ಈಗ, ಅವನು ಕಾರ್ಖಾನೆ ಮುಟ್ಟುತ್ತಲೇ, ಬಸವಪ್ರಭು ಅವನನ್ನು ರೂಮಿಗೆ ಕರೆದು ಕೂರಿಸಿಕೊಂಡರು.

“ಸೋಮವಾರ ಫ್ಯಾಕ್ಟರಿ ಇನ್ಸ್‌ಪೆಕ್ಟರ್ ಬರ್ತಾರೆ. ಅಲ್ಲೀತನಕ ಆ ಮಿಷನ್ನಿಗೆ ಕರೆಂಟ್ ಬ್ಯಾಡ. ಮಂಗಳವಾರ ಬಂದ್ ಮಾಡಿದ್ದು ಹಂಗೇ ಇರ್ಲಿ.”

“ಸರ್, ಸ್ಕ್ರೀನಿನ ಬ್ಯಾಟರಿ ಇಳಿದೈತೆ. ಕರೆಂಟ್ ಇಲ್ದೆ ಸೋಮವಾರದ ತನಕ ತಡೆಯಂಗಿಲ್ಲ. ಒಳಗಿರೋದೆಲ್ಲ ಅಳಿಸಿಹೋಗ್ತೈತೆ.”

“ಹೋದ್ರೆ ಹೋಗ್ಲಿ ಬಿಡ್ರಿ. ನಾವೇನು ಅಳಿಸಿದ್ವಾ?” ಬಸವಪ್ರಭು ದನಿ ತಗ್ಗಿಸಿದರು. “ಅದರಾಗೆ ಇರೋದು ನಿಮ್ಮ ನಂಬರ್ರು, ಕಾಂತರಾಜ್. ನಂದಲ್ಲ. ಮಕ್ಕಳ ಮುಖ ನೋಡ್ಕೊಳ್ರಿ.”

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆ ಸ್ಕ್ರೀನಿನಲ್ಲಿ ಎರಡು ಬಗೆಯ ನೆನಪು. ಮಿಷನ್ ನಡೆಸುವ ಪ್ರೋಗ್ರಾಂ ಒಂದು ಚಿಪ್ಪಿನಲ್ಲಿ; ಕರೆಂಟ್ ಇರಲಿ ಬಿಡಲಿ ಅದು ಅಳಿಯುವುದಿಲ್ಲ. ನಡೆದದ್ದನ್ನು ಬರೆದಿಡುವ ಚಿಪ್ಪು ಬೇರೆ. ಕರೆಂಟ್ ಹೋದಾಗ ಅದನ್ನು ಕಾಯುವುದು ಹಿಂಬದಿಯಲ್ಲಿರುವ ಒಂದು ಸಣ್ಣ ಬ್ಯಾಟರಿ ಮಾತ್ರ. ಆ ಬ್ಯಾಟರಿ ಇಳಿದಿದೆ ಎಂದು ತಿಂಗಳಿಂದ ಕೆಂಪು ದೀಪ ಉರಿಯುತ್ತಿತ್ತು. ಹೊಸದು ಸ್ಟೋರಿಗೆ ಬಂದೂ ಇತ್ತು. ನಾಳೆ ಹಾಕಿದರಾಯಿತು ಎಂದು ಕಾಂತರಾಜನೇ ಮುಂದಕ್ಕೆ ತಳ್ಳಿದ್ದ. ಈಗ ಅವನು ಏನೂ ಮಾಡಬೇಕಾಗಿರಲಿಲ್ಲ. ಸುಮ್ಮನೆ ಕೂತರೆ ಸಾಕಿತ್ತು. ಸೋಮವಾರದ ಹೊತ್ತಿಗೆ ಎಲ್ಲ ಖಾಲಿ. ಸತ್ತವನ ತಪ್ಪು ಸತ್ತವನಿಗೇ ಉಳಿಯುತ್ತಿತ್ತು.

ಅವನು ಎದ್ದು ವರ್ಕ್‌ಶಾಪಿಗೆ ಹೋದ. ಅಲ್ಲಿ ಅರ್ಧ ಗಂಟೆ ಕೂತ. ಕೈಗೆ ಸಿಕ್ಕ ಸ್ಕ್ರೂಡ್ರೈವರನ್ನು ಒರೆಸಿದ್ದನ್ನೇ ಒರೆಸಿದ. ಮಕ್ಕಳ ಮುಖ ನಿಜವಾಗಿಯೂ ಕಣ್ಣೆದುರು ಬಂತು. ಚಿಕ್ಕದು ಇನ್ನೂ ಒಂದನೇ ಕ್ಲಾಸು. ಅದರ ಬೆನ್ನಿಗೇ, ಹಸಿರು ಬಂದಾಗಲೆಲ್ಲ ತನ್ನ ಕಡೆ ತಿರುಗಿ “ಬಂತ್ರೀ ಸಾಮಿ” ಎಂದು ಕೂಗುತ್ತಿದ್ದ ಕಾಟಪ್ಪನ ದನಿ ಕೇಳಿಸಿತು. ಸ್ಟೋರಿಗೆ ಹೋಗಿ ಸಹಿ ಹಾಕಿ ಬ್ಯಾಟರಿ ತೆಗೆದುಕೊಂಡ.

ಹಂಡೆಯ ಸುತ್ತ ನೆಲದ ಮೇಲೆ ನೀಲಿ ಕಲೆ ಇನ್ನೂ ಹೋಗಿರಲಿಲ್ಲ. ಅವನು ಅದನ್ನು ತುಳಿಯದಂತೆ ಸುತ್ತಿ ಬಂದು, ಸ್ಕ್ರೀನಿಗೆ ಮಾತ್ರ ಕರೆಂಟ್ ಕೊಟ್ಟ. ಬೆಳಕು ಬಂತು. ಪಟ್ಟಿ ತೆರೆದ. ಅಳಿದಿರಲಿಲ್ಲ. ಕರೆಂಟ್ ಇರುವಾಗಲೇ ಹಳೇ ಬ್ಯಾಟರಿ ಕಿತ್ತು ಹೊಸದು ಕೂರಿಸಿದ. ಕರೆಂಟ್ ತೆಗೆದು, ಕೊಟ್ಟು, ಮತ್ತೆ ನೋಡಿದ. ಎಲ್ಲ ಇದ್ದ ಹಾಗೇ ಇತ್ತು. ಕೆಂಪು ದೀಪ ಆರಿತ್ತು.

ಆಮೇಲೆ ಜೇಬಿನ ಪುಸ್ತಕ ತೆಗೆದು ನಿಂತಲ್ಲೇ ಬರೆದುಕೊಂಡ. ಲಾಕಿಗೆ, ಆ ಮಂಗಳವಾರಕ್ಕೆ ಸಂಬಂಧಿಸಿದ್ದು ಒಟ್ಟು ಒಂಬತ್ತು ಸಾಲು. ಮೊದಲನೆಯದು ಮೂರು ವಾರದ ಹಿಂದಿನದು: ಮುಚ್ಚಳದ ಲಾಕ್ ತಪ್ಪಿಸಿದ್ದು, ಎರಡನೇ ನಂಬರಿನವರು. ಕೊನೆಯವು ಮಂಗಳವಾರದವು: ನಾಲ್ಕು ಹನ್ನೆರಡಕ್ಕೆ ಪಂಪು ನಿಂತದ್ದು. ನಾಲ್ಕು ಮೂವತ್ತೈದಕ್ಕೆ ಹಸಿರು. ನಾಲ್ಕು ಮೂವತ್ತೇಳಕ್ಕೆ ಮುಚ್ಚಳ.

ಹಸಿರು ಬಂದ ಮೇಲೂ ಎರಡು ನಿಮಿಷ ಕಾದಿದ್ದ ಕಾಟಪ್ಪ.

“ಬ್ಯಾಟರಿ ಹಾಕಿದೀನಿ ಸರ್,” ಎಂದು ಮ್ಯಾನೇಜರಿಗೆ ತಾನೇ ಹೋಗಿ ಹೇಳಿದ. “ನಿಮ್ಮ ಕುತ್ತಿಗೆಗೆ ನೀವೇ ತಂದ್ಕೊಂಡ್ರಿ,” ಅಂದರು ಬಸವಪ್ರಭು.

ಸೋಮವಾರ ಇನ್ಸ್‌ಪೆಕ್ಟರ್ ಉಜ್ಜನಪ್ಪ ಸ್ಕ್ರೀನಿನ ಮುಂದೆ ಕನ್ನಡಕ ಏರಿಸಿ, ಸಾಲು ಸಾಲಾಗಿ ಓದಿಸಿದರು.

“ಎರಡನೇ ನಂಬರ್ ಯಾರದು?”

“ನಂದು ಸರ್.”

“ನಿಮಗೆ ಯಾರು ಹೇಳಿದ್ರು?”

ಕಾಂತರಾಜ್ ಹೇಳಿದ. ಬಸವಪ್ರಭು ಅಲ್ಲೇ ನಿಂತಿದ್ದರು, ಇಲ್ಲ ಎನ್ನಲಿಲ್ಲ. ಸತ್ತವನದು ತಪ್ಪಿಲ್ಲ ಎಂದು ಉಜ್ಜನಪ್ಪ ಬರೆದುಕೊಂಡರು. ಇಬ್ಬರ ಮೇಲೂ ಕೇಸಾಯಿತು. ಕಾಂತರಾಜನ ಕೆಲಸ ಆ ವಾರವೇ ಹೋಯಿತು.

ಶುಕ್ರವಾರ ಅವನು ದುರುಗವ್ವನ ಮನೆಗೆ ಹೋದ. ಆಕೆ ಅಕ್ಕಿ ಕೇರುತ್ತಿದ್ದಳು. ಹೊಸ್ತಿಲ ಹೊರಗೇ ನಿಂತು ಎಲ್ಲವನ್ನೂ ಹೇಳಿದ. ಲಾಕ್ ತಪ್ಪಿಸಿದ ಬೆರಳು ತನ್ನದೇ ಎಂಬುದನ್ನೂ. ಮೊರ ಕೆಳಗಿಟ್ಟು ಆಕೆ ಕೇಳಿದಳು:

“ಎರಡು ನಿಮಿಷ ಕಾದಿದ್ರಾ?”

“ಹೌದವ್ವ. ಅದರಾಗೆ ಐತೆ.”

ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು.

“ನಾಳೆ ಹನ್ನೊಂದನೇ ದಿನ. ನೀವು ಬರಬ್ಯಾಡ್ರಿ ಅಣ್ಣಾರ. ಬಂದ್ರೆ ನಾನು ನಿಮ್ಮ ಕೈಯನ್ನೇ ನೋಡ್ತೀನಿ.”

“ಆಗ್ಲವ್ವ,” ಎಂದು ಕಾಂತರಾಜ್ ಚಪ್ಪಲಿ ಮೆಟ್ಟಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದ.